ಹೊನ್ನಾದೇವಿಯ ಪಟ್ಟ

ಮುದಿ ರಾಜ ಸತ್ತ. ಪಟ್ಟ ಮಗಳಿಗೆ ಸಿಗಲಿಲ್ಲ, ತಮ್ಮನ ಮಗನ ಪಾಲಾಯಿತು.

ಭಾನುಪ್ರಿಯಾ ಕಾಫಿ ಲೋಟ ಹಿಡಿದುಕೊಂಡೇ ಲ್ಯಾಪ್‌ಟಾಪ್ ದಿಟ್ಟಿಸಿದಳು. ಆಟವೇ ಇರಬಹುದು, ಆದರೆ ಒಂದು ವರ್ಷದ ರಜೆಗಳನ್ನೆಲ್ಲ ಸುರಿದು ಕಟ್ಟಿದ ರಾಜ್ಯ ಅದು. ಹೊನ್ನಾದೇವಿ ಅಂತ ತಾನೇ ಹೆಸರಿಟ್ಟು, ಕತ್ತಿ, ಕುದುರೆ ಎಲ್ಲ ಕಲಿಸಿ ಬೆಳೆಸಿದ ರಾಜಕುಮಾರಿ ಈಗ ಕುಲದಲ್ಲೇ ಇರಲಿಲ್ಲ.

ಪಟ್ಟ ಗಿಟ್ಟಿಸಿದವನ ಪಾತ್ರವನ್ನು ತನ್ನ ಮನೆಯಿಂದಲೇ ಆಡುತ್ತಿದ್ದದ್ದು ಅವಳ ಚಿಕ್ಕಪ್ಪನ ಮಗ ಪ್ರಸನ್ನ. ನಿನ್ನೆ ಬನ್ನಿಮಂಟಪದಿಂದ ಬಂದವನು ಇದೇ ಲ್ಯಾಪ್‌ಟಾಪ್ ಮುಂದೆ ಒಬ್ಬನೇ ಕೂತಿದ್ದ. ಅನುಮಾನಕ್ಕೆ ಇನ್ನೇನು ಬೇಕು? ಫೋನ್ ಮಾಡಿದಳು.

“ನಿಜ ಹೇಳೋ, ಹೊನ್ನಾದೇವೀನ ಏನ್ ಮಾಡ್ದೆ?”

“ನಾನೇನೂ ಮಾಡಿಲ್ಲ ಕಣಕ್ಕ. ಅವಳಿಗೆ ಮದುವೆ ಆಗ್ಬುಟ್ಟಿದೆ ನೋಡು. ಗಂಡನ ಕುಲಕ್ಕೆ ಹೋದ್ಮೇಲೆ ಪಟ್ಟ ನನಗೇ ತಾನೆ?”

ಖುಷಿ ಅಡಗಿಸಲು ಅವನು ಒದ್ದಾಡುತ್ತಿದ್ದದ್ದು ದನಿಯಲ್ಲೇ ಗೊತ್ತಾಗುತ್ತಿತ್ತು. ಕಳ್ಳ, ಎಂದುಕೊಂಡು ಫೋನಿಟ್ಟಳು.

“ಅವನನ್ನ ಯಾಕಮ್ಮ ಬೈತೀಯ, ಒತ್ತಿದ್ದು ನಾನು.” ಬಾಗಿಲಲ್ಲಿ ಅಪ್ಪ ಮಂಟಯ್ಯ ನಿಂತಿದ್ದರು. ದಿನಾ ಪಕ್ಕದಲ್ಲಿ ಕೂತು ಅವಳ ಆಟ ನೋಡುವವರು. “ಬೆಳಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ. ಸಂಬಂಧ ಬಂದಿದೆ, ಒಪ್ಪಿಗೇನಾ ಅಂತ ಕೇಳ್ತು. ನೋಡಿದ್ರೆ ಒಳ್ಳೆ ಮನೆತನ, ಸ್ವಂತ ಕೋಟೆ ಬೇರೆ ಇದೆ. ಬಂದೋರನ್ನ ಕಾಯಿಸಬಾರದು ಅಂತ ಹೂಂ ಅಂದೆ.”

“ಗಂಡೇ ನಮ್ಮ ಕುಲಕ್ಕೆ ಬರೋದಾ ಅಂತಾನೂ ಕೇಳಿರುತ್ತಲ್ಲಪ್ಪ?”

“ಕೇಳ್ತು. ಅಷ್ಟು ದೊಡ್ಡ ಮನೆಯೋರನ್ನ ಮನೆ ಅಳಿಯ ಆಗಿ ಬಾ ಅಂತ ಕರೆಯಕ್ಕಾಗುತ್ತಾ?”

ಭಾನುಪ್ರಿಯಾಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಹುಡುಗಿಯನ್ನೂ ಒಂದು ಮಾತು ಕೇಳಬೇಕು ಅನ್ನುವುದು ಈ ಮನುಷ್ಯನಿಗೆ ಹೊಳೆಯಲೇ ಇಲ್ಲವಲ್ಲ. ಹಾಗಂದುಕೊಳ್ಳುತ್ತಿದ್ದಂತೆ ಅವಳು ತಿರುಗಿ ಹಾಲ್ ನೋಡಿದಳು. ಮೊನ್ನೆಯಷ್ಟೇ ಸೋಫಾಕ್ಕೆ ಹೊಸ ಕವರು ಬಂದಿತ್ತು. ಯಾಕೆಂದು ಕೇಳಿದರೆ ಅಮ್ಮ ಮಾತು ತೇಲಿಸಿದ್ದಳು. ಇವತ್ತು ಬೆಳಗ್ಗೆ ಫ್ಯಾನಿನ ಧೂಳೂ ಹೋಗಿತ್ತು, ಹಬ್ಬ ಯಾವುದೂ ಹತ್ತಿರವಿರಲಿಲ್ಲ.

“ಅಪ್ಪ, ಇನ್ಯಾರಿಗಾದ್ರೂ ಹೂಂ ಅಂದಿದ್ದೀರಾ?”

ಮಂಟಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು.

“ಕಡಕೊಳದೋರು ಕಣಮ್ಮ. ಭಾನುವಾರ ಸುಮ್ನೆ ನೋಡ್ಕೊಂಡು ಹೋಗ್ತಾರೆ, ಅಷ್ಟೆ.”