ಮೂರನೆಯ ಹೆಂಡತಿ

ಮೂರನೆಯವಳು ಬಾಳುವುದಿಲ್ಲವೆಂಬ ಭಯ. ಅದಕ್ಕೇ ಇಬ್ಬರು ಹೆಂಡಿರನ್ನು ಕಳೆದುಕೊಂಡ ಆ ಗಂಡು ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿ, ಅದನ್ನೇ ಮೂರನೆಯವಳಾಗಿಸಿ, ಆಮೇಲೆ ಅವಳ ಕೈ ಹಿಡಿಯಬೇಕೆಂದು ಪುರೋಹಿತರು ಶಾಸ್ತ್ರ ಹೇಳಿದ್ದರು. ಗಿಡ ಅವಳ ಹಿತ್ತಿಲಲ್ಲೇ ಇತ್ತು. ಅಪ್ಪ, ಅಮ್ಮ ಹೋದ ಮೇಲೆ ಆ ಮನೆಯತ್ತ ತಪ್ಪದೆ ಬರುತ್ತಿದ್ದದ್ದು ಅದರ ತಿಳಿನೇರಳೆ ಹೂವಿಗೆ ಜೋತುಬೀಳುವ ಕರಿದುಂಬಿಗಳು ಮಾತ್ರ.

"ಒಂಟಿ ಹೆಣ್ಣು, ಎಷ್ಟು ದಿನ ಅಂತ ಹೀಗಿರ್ತೀಯೆ?" ಎಂದು ಚಿಕ್ಕಮ್ಮ ಅವಳನ್ನು ಒಪ್ಪಿಸಿದ್ದಳು.

ಅವನು ಗಿಡಕ್ಕೆ ಅರಿಶಿನದ ದಾರ ಕಟ್ಟಿದ. ಪುರೋಹಿತರು ಅವನ ಕೈಗೆ ಮಚ್ಚು ಕೊಟ್ಟರು.

"ಕಡೀಬೇಕಾ?" ಅವಳು ಗಾಬರಿಯಿಂದ ಕೇಳಿದಳು.

"ಕಡೀಲೇಬೇಕಮ್ಮ. ಇದರ ಜೊತೆ ದೋಷ ಹೋದ್ರೆ ನೀನು ಸುಖವಾಗಿರ್ತೀಯ," ಎಂದರು ಪುರೋಹಿತರು.

ದುಂಬಿಗಳು ಯಾವುದರ ಪರಿವೆಯೂ ಇಲ್ಲದೆ ಹೂವಿಂದ ಹೂವಿಗೆ ಗುಂಯ್‌ಗುಡುತ್ತಿದ್ದವು.

"ಇದು ಹೋದ್ರೆ ಅವು ಏನು ಮಾಡ್ಬೇಕು?" ಅವಳು ಅವನನ್ನೇ ಕೇಳಿದಳು.

ಅವನು ನಕ್ಕ. "ಒಂದು ಹೋದ್ರೆ ಇನ್ನೊಂದು ನೋಡ್ಕೊಳ್ತವೆ ಬಿಡು. ಅದಕ್ಕೂ ಯೋಚ್ನೆನಾ?"

ಅವಳು ಮುಂದೆ ಬಂದು, ಎಕ್ಕದ ಕೊರಳಿನ ದಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ತಗೊಂಡು ಹೋಗಿ. ನಾವಿಬ್ರೂ ಬದುಕ್ಕೋತೀವಿ."