ಅಂಟು ಮುಟ್ಟದ ಕೈ

ಹೆದೆ ಪೂರ್ತಿ ಎಳೆಯುವ ಮುಂಚೆಯೇ ಮಗಳ ಬಿಲ್ಲು ಹಿಡಿಯ ಹತ್ತಿರ ಬಾಯಿ ಬಿಟ್ಟಿತು. ಎರಡು ಗಿಡ್ಡ ಮರದ ತುಂಡುಗಳಲ್ಲಿ ಒಂದರ ತುದಿಯನ್ನು ಮೀನಿನ ಬಾಲದಂತೆ ಕೊರೆದು, ಇನ್ನೊಂದರೊಳಗೆ ಕೂರಿಸಿ, ಅಂಟು ಹಾಕಿ, ಹುರಿ ಬಿಗಿದು ವಾರವಿಡೀ ಒಣಗಿಸಿದ್ದಳು. ಈ ಬಿಲ್ಲು ತಾಳಿದರೆ ನಮ್ಮ ಬಿಲ್ಲಿನ ಅಂಗಡಿ ನಿನ್ನ ಕೈಗೆ ಎಂದು ಅಪ್ಪ ಮಾತು ಕೊಟ್ಟಿದ್ದ.

“ಬಡ್ಕೊಂಡೆ ನಾನು, ಜೋಡಿಸಿದ್ದನ್ನ ನಂಬಬೇಡ ಅಂತ,” ಎಂದ ಅಪ್ಪ. “ಒಂದೇ ಮರದಲ್ಲಿ ಕೆತ್ತಿದ್ರೇನೇ ಬಿಲ್ಲು. ಈ ಕೈ ಜನ್ಮದಲ್ಲಿ ಅಂಟು ಮುಟ್ಟಿಲ್ಲ.”

ಅವನು ಎತ್ತಿ ತೋರಿಸಿದ ಕೈಯನ್ನೇ ಅವಳು ನೋಡಿದಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಳದಿ ಅಂಟು ಒಣಗಿ ಕೂತಿತ್ತು.

“ಹುರಿ ಬಿಚ್ಚಿದ್ಯಾ ಅಪ್ಪಾ?”

ಅವನು ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. “ಅಂಟು ಹಿಡಿದಿದ್ಯೋ ಇಲ್ವೋ ಅಂತ ದಿನಾ ಒಂಚೂರು ಸಡಿಲ ಮಾಡಿ ನೋಡ್ತಿದ್ದೆ, ಅಷ್ಟೇ. ಮತ್ತೆ ಬಿಗಿಯಾಗೇ ಕಟ್ತಿದ್ದೆ ಕಣೇ.”

ಅವಳು ಜಗಳ ಆಡಲಿಲ್ಲ. ಬೇರೆಯಾಗಿದ್ದ ತುಂಡುಗಳನ್ನು ಮೇಜಿನ ಮೇಲಿಟ್ಟು ಕೈ ಚಾಚಿದಳು.

“ಇನ್ನೊಂದ್ಸಲ ಅಂಟು ಹಾಕ್ತೀನಿ. ಒಣಗೋವರೆಗೂ ಅಂಗಡಿ ಕೀಲಿಕೈ ನನ್ನ ಹತ್ರ ಇರ್ಲಿ.”