ಏಳನೇ ಮಹಡಿಯವರೆಗೆ

ನಿನ್ನೆ ಮಾರ್ಕೆಟ್ಟಿನಲ್ಲಿ ಕಳುವಾಗಿದ್ದ ಮಗಳ ಫೋನು ಇವತ್ತು ಮಧ್ಯಾಹ್ನ ತಾನಾಗಿಯೇ ಸೊಸೈಟಿ ಗೇಟಿನ ವೈಫೈಗೆ ಬಂದು ಸೇರಿಕೊಂಡಿತು. ಸೊಸೈಟಿ ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಪೂಣಚ್ಚ ಕನ್ನಡಕ ಸರಿಮಾಡಿಕೊಂಡು ನೋಡಿದರು. ಪರದೆಯ ಮೇಲೆ ‘ಜೀವಿತಾ’ ಎಂಬ ಹೆಸರು ಹಸಿರಾಗಿ ಹೊಳೆಯುತ್ತಿತ್ತು. ಜೀವಿತಾ ಮನೆಯಲ್ಲಿದ್ದಳು, ಒಬ್ಬಳೇ.

ಸೇನೆಯ ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾಗಿ ದೆಹಲಿಯ ದ್ವಾರಕಾಕ್ಕೆ ಬಂದ ಮೇಲೆ, ಮಹಡಿಗೊಂದರಂತೆ ವೈಫೈ ಡಬ್ಬಿ ಹಾಕಿಸಿದವರೇ ಅವರು. ಗೇಟಿನಿಂದ ಎಂಟನೇ ಮಹಡಿಯ ತಮ್ಮ ಮನೆಯವರೆಗೆ ಮಾತಾಡುತ್ತಾ ಹೋದರೂ ಕಾಲ್ ಕಟ್ಟಾಗಬಾರದು; ಒಂದು ಡಬ್ಬಿ ಕೈಬಿಡುವ ಹೊತ್ತಿಗೆ ಇನ್ನೊಂದು ಹಿಡಿದುಕೊಳ್ಳಬೇಕು. ಈಗಲೂ ಹಾಗೇ ಆಗುತ್ತಿತ್ತು. ಎರಡನೇ ಮಹಡಿ. ಮೂರನೇದು. ಲಿಫ್ಟ್ ಅಲ್ಲ, ಮೆಟ್ಟಿಲು. ಆತುರವೇ ಇಲ್ಲದ ನಡಿಗೆ. ಫೋನು ಏಳನೇ ಮಹಡಿಗೆ ಬಂದಾಗ ಪೂಣಚ್ಚ ಮೂವತ್ತು ವರ್ಷದ ಅಭ್ಯಾಸಬಲದಿಂದ, ಕಂಡವರ ಕೈಸೇರಿದ ವೈರ್‌ಲೆಸ್ ಸೆಟ್ಟಿಗೆ ಮಾಡಬೇಕಾದ್ದನ್ನೇ ಮಾಡಿದರು. ಬ್ಲಾಕ್ ಒತ್ತಿದರು.

ಹೆಸರು ಅಳಿಸಿಹೋಯಿತು. ಫೋನ್ ಹಿಡಿದು ಹತ್ತುತ್ತಿದ್ದವನೇನೂ ಅದರ ಜೊತೆ ಅಳಿಸಿಹೋಗಲಿಲ್ಲ. ಅವನೆಲ್ಲಿದ್ದಾನೆಂದು ತೋರಿಸುತ್ತಿದ್ದ ಒಂದೇ ಕಣ್ಣನ್ನು ತಾವೇ ಕೈಯಾರೆ ಮುಚ್ಚಿಬಿಟ್ಟಿದ್ದರು.

ಇಂಟರ್‌ಕಾಮ್‌ನಲ್ಲಿ ಮನೆಯ ನಂಬರ್ ಒತ್ತಿದರು. ಆರನೇ ರಿಂಗಿಗೆ ಮಗಳು ಎತ್ತಿಕೊಂಡಳು.

“ಜೀವಿತಾ, ಯಾರೇ ಬಂದರೂ ಬಾಗಿಲು ತೆಗೀಬೇಡ!”

“ಅಚ್ಛಾ? ಮತ್ತೆ ಈಗ ಬೆಲ್ ಮಾಡಿದ್ದು ನೀವಲ್ವಾ ಅಪ್ಪ? ಚಿಲಕ ತೆಗೆದಿಟ್ಟು ಬಂದೆ.”